ಪಾಯಿಂಟಿಗೆ ಹದಿನಾಲ್ಕರಂತೆ ಹತ್ತು ಮನೆ

ಹರಿಹರದ ಸಾಹುಕಾರರು ತಮ್ಮ ಹೊಸ ಸಾಲುಮನೆಗಳ ಮುಂದೆ ನಿಂತು ಪಾಯಿಂಟಿಗೆ ಎಷ್ಟು ಎಂದು ಕೇಳಿದರು. ನಾನು ಹಿಂದೆ ಮುಂದೆ ನೋಡದೆ ಹದಿನಾಲ್ಕು ರೂಪಾಯಿ ಎಂದುಬಿಟ್ಟೆ. ದಾವಣಗೆರೆಯಲ್ಲಿ ನನ್ನ ಹಳೆಯ ಯಜಮಾನರ ರೇಟು ಹದಿನೈದು. ಅವರಿಗಿಂತ ಒಂದು ರೂಪಾಯಿ ಇಳಿಸಿದರೆ ಕೆಲಸ ನನಗೆ ಸಿಗುತ್ತದೆ, ಅವರಿಗೆ ಗಿಟ್ಟುವುದು ನನಗೂ ಅಷ್ಟಿಷ್ಟು ಗಿಟ್ಟೇ ಗಿಟ್ಟುತ್ತದೆ. ವ್ಯಾಪಾರದ ಬಗ್ಗೆ ಆಗ ನನಗೆ ಗೊತ್ತಿದ್ದದ್ದು ಇಷ್ಟೇ. ಇಷ್ಟು ಗೊತ್ತಿದ್ದರೆ ಸಾಕು ಎಂಬ ಧೈರ್ಯವೂ ಇತ್ತು.

ಅರವತ್ತರ ದಶಕದ ಮೊದಲ ವರ್ಷಗಳು ಅವು. ಹರಿಹರದ ಕಾರ್ಖಾನೆಗೆ ಊರೂರಿನಿಂದ ಕೆಲಸಗಾರರು ಬರುತ್ತಿದ್ದರು. ಅವರಿಗೆ ಬಾಡಿಗೆಗೆ ಕೊಡಲೆಂದು ಕೈಯಲ್ಲಿ ನಾಲ್ಕು ಕಾಸಿದ್ದವರೆಲ್ಲ ಮನೆ ಕಟ್ಟಿಸುತ್ತಿದ್ದರು. ಈ ಸಾಹುಕಾರರದು ಹತ್ತಿ ವ್ಯಾಪಾರ. ರೈಲ್ವೆ ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿ ಒಂದೇ ಸೂರಿನ ಕೆಳಗೆ ಹತ್ತು ಮನೆ ಎಬ್ಬಿಸಿದ್ದರು. ಪ್ರತಿ ಮನೆಗೂ ಮುಂದೊಂದು ಕಟ್ಟೆ, ಒಳಗೆ ನಡುಮನೆ, ಅಡುಗೆಮನೆ, ಬಚ್ಚಲು. ಅಡುಗೆಮನೆಯ ಹಿಂದಿನ ಗೋಡೆಯಲ್ಲಿ ದೇವರಿಗೆಂದು ಒಂದು ಗೂಡು. ಗೋಡೆಗೆಲ್ಲ ಗಾರೆ ಬಳಿದು ಸುಣ್ಣ ಹೊಡೆದಾಗಿತ್ತು. ನೋಡಿದರೆ ಕಣ್ಣಿಗೆ ಹಬ್ಬ.

ಪಾಯಿಂಟ್ ಎಂದರೆ ಒಂದು ದೀಪ, ಅದಕ್ಕೊಂದು ಸ್ವಿಚ್ಚು, ಎರಡರ ನಡುವಿನ ವೈರು, ಇಷ್ಟನ್ನೂ ಗೋಡೆಗೆ ಹಿಡಿಸುವ ಕೆಲಸ. ದೀಪ ಸ್ವಿಚ್ಚಿನ ಪಕ್ಕದಲ್ಲಿದ್ದರೂ ಅದೇ ರೇಟು, ಮನೆಯ ಆ ತುದಿಯಲ್ಲಿದ್ದರೂ ಅದೇ ರೇಟು. ನಮ್ಮ ಕಡೆ ಆಗ ಯಾರೂ ಬೇರೆ ಥರ ಲೆಕ್ಕ ಹಾಕುತ್ತಿರಲಿಲ್ಲ. ಮನೆ ಕಟ್ಟಿಸುವವರು ಅಕ್ಕಿಯ ರೇಟು ಕೇಳಿದಂತೆ ಪಾಯಿಂಟಿನ ರೇಟು ಕೇಳುತ್ತಿದ್ದರು, ನಾವು ಹೇಳುತ್ತಿದ್ದೆವು.

ಮಾತು ಮುಗಿಸಿ ಹೊರಡುವಾಗ ಸಾಹುಕಾರರು ನನ್ನನ್ನು ತಡೆದರು. "ದೇವರ ಗೂಡಿನ ದೀಪ ಲೆಕ್ಕಕ್ಕೆ ಹಿಡೀಬ್ಯಾಡಪ್ಪ. ಅದು ಮೊದ್ಲಿಂದ ಇರೋ ಪದ್ಧತಿ."

ಪದ್ಧತಿ ಇದ್ದದ್ದು ನಿಜ. ಹೊಸ ಮನೆಗೆ ವೈರಿಂಗ್ ಮಾಡುವವನು ದೇವರ ದೀಪಕ್ಕೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಗೃಹಪ್ರವೇಶದ ದಿನ ಮನೆಯವರು ಕರೆದು, ಎಲೆ ಅಡಿಕೆಯ ಜೊತೆ ಒಂದು ಟವೆಲ್ಲು ಕೊಟ್ಟು, ಊಟ ಹಾಕಿ ಕಳಿಸುತ್ತಿದ್ದರು. ನನ್ನ ಯಜಮಾನರು ಒಂದು ದಿನವೂ ಅದನ್ನು ಮೀರಿದವರಲ್ಲ. ನಾನೂ ಸಂತೋಷದಿಂದಲೇ ತಲೆಯಾಡಿಸಿದೆ. ಒಂದು ಮನೆಗೆ ಒಂದು ದೇವರ ದೀಪ ಸರಿ, ಹತ್ತು ಮನೆಗೆ ಹತ್ತು ದೀಪವಾಗುತ್ತದೆ ಎಂಬುದು ತಲೆಗೆ ಹೊಳೆದದ್ದು ವಾಪಸ್ ಬರುವ ಬಸ್ಸಿನಲ್ಲಿ. ಮನೆಗೆ ಐದು ಪಾಯಿಂಟ್, ಅದರಲ್ಲಿ ಒಂದು ಪುಕ್ಕಟೆ. ಪುಕ್ಕಟೆ ಹೋಗುವುದೇ ಎಲ್ಲಕ್ಕಿಂತ ಹಿಂದಿನ ಗೋಡೆಯಲ್ಲಿದೆ, ಅತಿ ಹೆಚ್ಚು ವೈರು ತಿನ್ನುವುದೂ ಅದೇ. ದೇವರ ವಿಷಯದಲ್ಲಿ ಲೆಕ್ಕ ಹಾಕುತ್ತಿದ್ದೇನಲ್ಲ ಎಂದು ನಾಚಿಕೆಯಾಗಿ ಕಿಟಕಿಯಾಚೆ ನೋಡುತ್ತ ಕುಳಿತೆ.

ನನ್ನ ಜೊತೆಗಿದ್ದವರು ಒಬ್ಬರೇ. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು, ನಾನು ಅಣ್ಣ ಎನ್ನುತ್ತಿದ್ದೆ. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಯಜಮಾನರ ಅಂಗಡಿಯಲ್ಲಿ ವೈರಿಗೆ ಕೈಹಾಕುವುದನ್ನು ನನಗೆ ಕಲಿಸಿದವರೇ ಅವರು. ನಾನು ಲೈಸೆನ್ಸು ಮಾಡಿಸಿ ಸ್ವಂತಕ್ಕೆ ಹೊರಟಾಗ, ವಾರದ ಕೂಲಿ ಒಂದು ವಾರವೂ ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟು ಅವರನ್ನು ಕರೆದುಕೊಂಡು ಬಂದಿದ್ದೆ. ಮನೆಯಲ್ಲಿ ಐದಾರು ಬಾಯಿ ಕಟ್ಟಿಕೊಂಡ ಮನುಷ್ಯ, ನನ್ನ ಮಾತೊಂದನ್ನೇ ನಂಬಿ ಕಾಯಂ ಕೆಲಸ ಬಿಟ್ಟರು. ಹರಿಹರದ ಕೆಲಸ ಕೈಕೊಟ್ಟರೆ ನನ್ನ ಸ್ವಂತ ಕೆಲಸ ಮುಳುಗುವುದು ಹಾಗಿರಲಿ, ಅವರ ಮನೆಯ ಒಲೆ ಉರಿಯುವುದು ಹೇಗೆ? ನನಗೆ ಅಂದು ನಿಜವಾಗಿ ಇದ್ದ ಭಯ ಇದೊಂದೇ.

ಮೊದಲ ದಿನವೇ ಗೋಡೆ ತನ್ನ ಬಣ್ಣ ತೋರಿಸಿತು. ಆಗಿನ ವೈರಿಂಗ್ ಎಂದರೆ ಗೋಡೆಯ ಮೇಲೆ ತೇಗದ ಪಟ್ಟಿ ಹೊಡೆದು, ಅದರ ಮೇಲೆ ರಬ್ಬರಿನ ವೈರು ಓಡಿಸಿ, ತಗಡಿನ ಕ್ಲಿಪ್ಪಿನಿಂದ ಬಿಗಿಯುವುದು. ಪಟ್ಟಿ ನಿಲ್ಲಬೇಕಾದರೆ ಎರಡೆರಡು ಅಡಿಗೆ ಗೋಡೆಯಲ್ಲಿ ತೂತು ಕೊರೆದು ಮರದ ಬೆಣೆ ಕೂರಿಸಬೇಕು, ಮೊಳೆ ಕೂರುವುದು ಆ ಬೆಣೆಗೆ. ದಾವಣಗೆರೆಯ ಇಟ್ಟಿಗೆ ಗೋಡೆಯಲ್ಲಿ ಇದು ಬೀಡಿ ಸೇದುತ್ತ ಮಾಡುವ ಕೆಲಸ. ಇಲ್ಲಿ ಮೇಸ್ತ್ರಿ ಚಾಣ ಇಟ್ಟು ಸುತ್ತಿಗೆಯಿಂದ ಒಂದು ಏಟು ಹೊಡೆದರು, ಗಾರೆ ಉದುರಿತು, ಎರಡನೆಯ ಏಟಿಗೆ ಕಿಡಿ ಹಾರಿತು.

"ತಮ್ಮಾ, ಒಳಗೆ ಕರಿಕಲ್ಲು ಐತೆ" ಎಂದರು ಏಣಿಯ ಮೇಲಿಂದ.

ಸುಣ್ಣ ಹೊಡೆದ ಗೋಡೆಯನ್ನು ನಾನು ಕಣ್ಣಿನಲ್ಲಿ ನೋಡಿದ್ದೆ, ಬೆರಳಿನಿಂದ ತಟ್ಟಿ ನೋಡಿರಲಿಲ್ಲ. ಊರ ಹೊರಗೇ ಕಲ್ಲು ಸಿಗುವಾಗ ಸಾಹುಕಾರರು ಇಟ್ಟಿಗೆಗೆ ಯಾಕೆ ದುಡ್ಡು ಹಾಕುತ್ತಾರೆ? ಒಂದು ಬೆಣೆಗೆ ತೂತು ಬೀಳುವಷ್ಟರಲ್ಲಿ ಇಟ್ಟಿಗೆ ಗೋಡೆಯಲ್ಲಿ ಒಂದು ಪಟ್ಟಿಯೇ ಮುಗಿಯುತ್ತಿತ್ತು. ಚಾಣಗಳು ಮೊಂಡಾಗುತ್ತಿದ್ದವು, ಸಂಜೆ ಅವನ್ನೆಲ್ಲ ಕುಲುಮೆಗೆ ಕೊಟ್ಟು ಮೊನೆ ಮಾಡಿಸಬೇಕು, ಬೆಳಿಗ್ಗೆ ಹೋಗಿ ತರಬೇಕು. ಮೇಸ್ತ್ರಿಯ ಅಂಗೈ ಬೊಬ್ಬೆ ಎದ್ದು ಒಡೆಯಿತು. ಅವರು ಬಟ್ಟೆ ಸುತ್ತಿಕೊಂಡು ಹೊಡೆದರು. ನಾನೂ ಹೊಡೆದೆ. ನಮ್ಮಿಬ್ಬರ ಸುತ್ತಿಗೆಯ ಸದ್ದಿಗೆ ಆಚೆ ಬೀದಿಯವರು ಬಂದು, ವೈರಿಂಗ್ ಮಾಡ್ತಿದೀರೋ ಕಲ್ಲುಕ್ವಾರಿ ಇಟ್ಟೀರೋ ಎಂದು ತಮಾಷೆ ಮಾಡಿ ಹೋದರು. ನಗುವಷ್ಟು ಉಸಿರು ನಮ್ಮಲ್ಲಿರಲಿಲ್ಲ.

ಮೊದಲ ಮನೆ ಮುಗಿದ ಮೇಲೆ ಲೆಕ್ಕ ಹಾಕಲು ಕುಳಿತೆ. ಕಲ್ಲೊಂದೇ ಅಲ್ಲ, ಇನ್ನೊಂದು ಕಡೆಯೂ ಪೆಟ್ಟು ಬಿದ್ದಿತ್ತು. ದಾವಣಗೆರೆಯ ದೊಡ್ಡ ಮನೆಯಲ್ಲಿ ಹದಿನೈದು ಇಪ್ಪತ್ತು ಪಾಯಿಂಟಿಗೆ ಒಂದು ಮೇನ್ ಸ್ವಿಚ್ಚು, ಕರೆಂಟನ್ನು ನೆಲಕ್ಕಿಳಿಸುವ ಒಂದು ಅರ್ತ್. ಅವುಗಳ ಖರ್ಚು ಅಷ್ಟೂ ಪಾಯಿಂಟುಗಳಲ್ಲಿ ಸದ್ದಿಲ್ಲದೆ ಹಂಚಿ ಹೋಗುತ್ತಿತ್ತು. ಇಲ್ಲಿ ದುಡ್ಡು ಬರುವುದು ನಾಲ್ಕು ಪಾಯಿಂಟಿಗೆ, ಆದರೆ ಮನೆಗೊಂದು ಮೇನ್ ಸ್ವಿಚ್ಚು ಬೇಕೇ ಬೇಕು, ಎರಡು ಮನೆಗೊಂದು ಅರ್ತ್ ಬೇಕೇ ಬೇಕು. ಪಾಯಿಂಟಿನ ರೇಟಿನಲ್ಲಿ ಇದನ್ನೆಲ್ಲ ಸೇರಿಸಿಯೇ ನಾನು ಒಪ್ಪಿಕೊಂಡಿದ್ದೆ. ಹೀಗೇ ಹೋದರೆ ಹತ್ತನೆಯ ಮನೆ ಮುಗಿಯುವ ಹೊತ್ತಿಗೆ ಮೇಸ್ತ್ರಿಯ ಕೂಲಿಗೆ ನನ್ನ ಹೆಂಡತಿಯ ಚಿನ್ನದ ಬಳೆ ಬಿಚ್ಚಿಸಿ ಮಾರಬೇಕಾಗುತ್ತಿತ್ತು.

ಮರುದಿನ ಸಾಹುಕಾರರ ಹತ್ತಿ ಅಂಗಡಿಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅರ್ಧಕ್ಕೆ ಬಂದು ರೇಟು ಏರಿಸುವವನಿಗೆ ನಮ್ಮ ಪೇಟೆಯಲ್ಲಿ ಮರ್ಯಾದೆ ಇಲ್ಲ ಎಂಬುದು ಗೊತ್ತಿದ್ದೇ ಹೋಗಿದ್ದೆ. ಅವರು ಸಿಟ್ಟು ಮಾಡಲಿಲ್ಲ. ಕೂಡ್ರು ಎಂದರು, ಕಾಫಿ ತರಿಸಿದರು, ಕೊನೆಯ ತನಕ ಕೇಳಿದರು.

"ನೋಡಪ್ಪ, ನಾನು ಹತ್ತಿ ಕೊಂಡ ಮರುದಿನ ಪೇಟ್ಯಾಗೆ ರೇಟು ಬಿದ್ರೆ, ರೈತನ ಮನೆಗೆ ಹೋಗಿ ದುಡ್ಡು ವಾಪಸ್ ಕೊಡು ಅನ್ನಾಕಾಗ್ತೈತೇನು? ಒಂದು ವೇಳೆ ಗೋಡೆ ಮಣ್ಣಿಂದಾಗಿದ್ದು ನಿನಗೆ ನಾಲ್ಕು ಕಾಸು ಜಾಸ್ತಿ ಉಳಿದಿದ್ರೆ, ತಂದು ನನ್ನ ಕೈಗೆ ಕೊಡ್ತಿದ್ಯಾ?"

ಕೊಡುತ್ತಿರಲಿಲ್ಲ. ಬೇಕಾದರೆ ಒಂದೊಂದು ಮನೆ ಮುಗಿದ ಹಾಗೆ ಅದರದರ ದುಡ್ಡು ಕೊಡುತ್ತೇನೆ, ಕೊನೆಗೆ ಕೊಡುವ ಪದ್ಧತಿ ಬಿಡುತ್ತೇನೆ ಎಂದರು ಸಾಹುಕಾರರು. ಅದು ಅವರ ದೊಡ್ಡತನ. ಅವರು ಜಿಪುಣರಾಗಿದ್ದರೆ, ಬೈದು ಕಳಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಕೆಲಸ ಬಿಟ್ಟು ಹೋಗಲು ಒಂದು ನೆಪವಾದರೂ ಸಿಗುತ್ತಿತ್ತು.

ನಡೆದದ್ದನ್ನು ಮೇಸ್ತ್ರಿಗೆ ಹೇಳಿದೆ. ಅವರು ಕೈಗೆ ಬಟ್ಟೆ ಸುತ್ತಿಕೊಂಡು ಮತ್ತೆ ಏಣಿ ಹತ್ತಿದರು. ಎರಡು ದಿನ ಬಿಟ್ಟು ವೈರು ತೀರಿತು, ತರಲು ನಾನು ದಾವಣಗೆರೆಗೆ ಹೋದೆ. ಮಂಡಿಪೇಟೆಯ ಅಂಗಡಿಯವನು ಹಿಂದಿನ ಸುರುಳಿಯ ಬಾಕಿ ಕೊಡದೆ ಹೊಸದು ಇಲ್ಲವೆಂದ. ಅವನನ್ನು ಒಪ್ಪಿಸಿ ಹರಿಹರಕ್ಕೆ ವಾಪಸಾದಾಗ ಮರುದಿನ ಮಧ್ಯಾಹ್ನ. ನೋಡಿದರೆ ಮೂರನೆಯ ನಾಲ್ಕನೆಯ ಮನೆಯ ಅರ್ತ್ ಮುಗಿದಿತ್ತು, ಐದನೆಯ ಆರನೆಯದೂ ಮುಗಿದಿತ್ತು. ಮನೆಗಳ ಹಿಂದೆ ಹಸಿ ಮಣ್ಣು ಚೊಕ್ಕಟವಾಗಿ ಮುಚ್ಚಿದ್ದರು. ಮೊದಲು ಸಂತೋಷವಾಯಿತು. ಆಮೇಲೆ ಅನುಮಾನವಾಯಿತು.

ಅರ್ತ್ ಹಾಕುವುದೆಂದರೆ ಮನೆಯ ಹಿಂದೆ ಆಳುದ್ದದ ಗುಂಡಿ ತೋಡಿ, ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಇದ್ದಿಲು ಉಪ್ಪು ಪದರ ಪದರವಾಗಿ ತುಂಬಿ, ಪೈಪಿನ ತಲೆಯಿಂದ ಒಂದು ತಂತಿಯನ್ನು ಮೇನ್ ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆಗೆ ಕಟ್ಟಬೇಕು. ಎಲ್ಲಾದರೂ ವೈರು ಕೆಟ್ಟು ಪೆಟ್ಟಿಗೆಗೆ ಕರೆಂಟು ತಗುಲಿದರೆ, ಅದು ಆ ದಾರಿ ಹಿಡಿದು ನೆಲಕ್ಕಿಳಿದು ಫ್ಯೂಸು ಸುಡುತ್ತದೆ. ಆ ದಾರಿ ಇಲ್ಲದಿದ್ದರೆ ಪೆಟ್ಟಿಗೆ ಮುಟ್ಟಿದವರ ಮೈಯೇ ದಾರಿಯಾಗುತ್ತದೆ. ಆ ಮನೆಗಳ ಹಿಂದಿನದು ಗಟ್ಟಿ ಗರಸು ನೆಲ. ಮೊದಲ ಗುಂಡಿ ತೆಗೆಯಲು ಕೂಲಿಯಾಳಿಗೆ ಎರಡು ದಿನ ಹಿಡಿದಿತ್ತು. ನಾನಿಲ್ಲದ ಅಷ್ಟು ಹೊತ್ತಿನಲ್ಲಿ ಎರಡು ಗುಂಡಿ ಮುಗಿಯುವುದು ಹೇಗೆ?

ನಾಲ್ಕನೆಯ ಮನೆಯ ಹಿಂದೆ ಹೋಗಿ, ನೆಲದಿಂದ ಎದ್ದಿದ್ದ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಮೊಳದುದ್ದದ ಪೈಪಿನ ತುಂಡು ಮಣ್ಣು ಸಮೇತ ಮೇಲೆ ಬಂತು. ಇದ್ದಿಲೂ ಇಲ್ಲ, ಉಪ್ಪೂ ಇಲ್ಲ.

ಮೇಸ್ತ್ರಿ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಮುಚ್ಚಿಟ್ಟುಕೊಳ್ಳಲು ನೋಡಲಿಲ್ಲ.

"ಇದೇನಣ್ಣಾ ಇದು?" ಎಂದೆ.

"ನಿನ್ನ ಉಳಿಸಾಕ ಮಾಡಿದೆ ತಮ್ಮಾ. ನೆಲದಾಗಿಂದು ಯಾರಿಗೆ ಕಾಣ್ತೈತೆ? ಈ ರೇಟಿಗೆ ಇದು ಬಿಟ್ರೆ ಬ್ಯಾರೆ ದಾರಿ ಇಲ್ಲ."

ನನಗೆ ಸಿಟ್ಟು ಬಂತು, ಆದರೆ ಅದಕ್ಕಿಂತ ದುಃಖ ದೊಡ್ಡದಿತ್ತು. ಎರಡು ವೈರು ಜೋಡಿಸಿ ಟೇಪು ಸುತ್ತುವಾಗ ಒಂದು ಸುತ್ತು ಕಡಿಮೆಯಾದರೆ ತಲೆಗೆ ಮೊಟಕುತ್ತಿದ್ದ ಮನುಷ್ಯ ಇವರು. ಮೂರು ಕಾಸಿನ ಕೆಲಸವನ್ನೂ ಕೈ ತೊಳೆದುಕೊಂಡು ಮಾಡುತ್ತಿದ್ದವರು. ನನ್ನ ರೇಟು ಅವರನ್ನು ಇಲ್ಲಿಗೆ ತಂದು ನಿಲ್ಲಿಸಿತ್ತು. ಕೆಲಸ ಮುಗಿದ ಮೇಲೆ ಎಲೆಕ್ಟ್ರಿಸಿಟಿ ಆಫೀಸಿಗೆ ಕೊಡುವ ಟೆಸ್ಟ್ ರಿಪೋರ್ಟಿಗೆ ಸಹಿ ಹಾಕಬೇಕಾದವನು ನಾನು, ಆ ಸಹಿಯನ್ನು ನಂಬಿ ಹತ್ತು ಸಂಸಾರ ಮಲಗುತ್ತವೆ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟುವ ಹೆಂಗಸರ ಮನೆ ಅವು. ಅಲ್ಲೇ ನಿಂತು ನಿರ್ಧಾರ ಮಾಡಿದೆ. ಎರಡೂ ಕಿತ್ತು ಹೊಸದಾಗಿ ಹಾಕೋಣ, ಮಿಕ್ಕಿದ್ದನ್ನೂ ಸರಿಯಾಗಿಯೇ ಮುಗಿಸೋಣ, ಎಷ್ಟು ಹೋಗುತ್ತದೋ ನನ್ನ ಕೈಯಿಂದಲೇ ಹೋಗಲಿ ಎಂದೆ. ಮೇಸ್ತ್ರಿ ಹಾರೆ ಎತ್ತಿಕೊಂಡರು. ಕೂಲಿಯಾಳಿಗೆ ಕೊಡಲು ದುಡ್ಡಿರಲಿಲ್ಲವಾದ್ದರಿಂದ ಗುಂಡಿಗಳನ್ನು ನಾವಿಬ್ಬರೇ ತೋಡಿದೆವು. ಅವರು ಅಗೆದರು, ನಾನು ಮಣ್ಣು ಎತ್ತಿದೆ. ಅವರಿಗೆ ಅವಮಾನವಾಗಿತ್ತು. ನನಗೂ ಆಗಿತ್ತು.

ಹತ್ತನೆಯ ಮನೆಯ ದೀಪ ಹತ್ತಿದ ದಿನ ಸಾಹುಕಾರರು ಒಂದೊಂದು ಮನೆಯೊಳಗೂ ಹೋಗಿ ದೇವರ ಗೂಡಿನ ಮುಂದೆ ಕೈಮುಗಿದು ಬಂದರು. ನಮ್ಮಿಬ್ಬರಿಗೂ ಟವೆಲ್ಲು ಕೊಟ್ಟರು. ಕೊನೆಯ ಮನೆಯ ದುಡ್ಡನ್ನೂ ಒಂದು ಪೈಸೆ ಹಿಡಿಯದೆ ಎಣಿಸಿದರು. ಮೇಸ್ತ್ರಿಯ ಕೂಲಿ, ಮಂಡಿಪೇಟೆಯ ಬಾಕಿ ಎಲ್ಲ ತೀರಿಸಿದ ಮೇಲೆ ನನ್ನ ಹತ್ತಿರ ಮುಂದಿನ ವಾರದ ಕೂಲಿಗೂ ಗತಿಯಿರಲಿಲ್ಲ, ಹೆಂಡತಿಯ ಬಳೆಯೂ ಉಳಿದಿರಲಿಲ್ಲ. ಕೈಯಲ್ಲಿ ಬೇರೆ ಕೆಲಸವೂ ಇರಲಿಲ್ಲ.

ಕೂಲಿ ಕೊಡಲಾಗದೆ ಮೇಸ್ತ್ರಿಯನ್ನು ಕಾಯಿಸುವುದಕ್ಕಿಂತ ಹಳೆಯ ಯಜಮಾನರಿಗೆ ವಾಪಸ್ ಒಪ್ಪಿಸಿ ಬರುವುದೇ ಸರಿ ಎನಿಸಿತು. ಮೇಸ್ತ್ರಿ ಬ್ಯಾಡ ಎಂದರು, ಒಂದೆರಡು ವಾರ ಹೆಂಗೋ ತಳ್ಳೋಣ ಎಂದರು. ಅವರ ಮನೆಯಲ್ಲಿ ಒಂದೆರಡು ವಾರ ತಳ್ಳುವುದು ಎಂದರೇನು ಎಂದು ನನಗೆ ಗೊತ್ತಿತ್ತು. ನಾನು ಹಟ ಹಿಡಿದು ಅವರನ್ನು ಯಜಮಾನರ ಅಂಗಡಿಗೆ ಕರೆದುಕೊಂಡು ಹೋದೆ.

ಯಜಮಾನರು ಹೊಸದಾಗಿ ಬಂದ ಸೀಲಿಂಗ್ ಫ್ಯಾನಿನ ಪೆಟ್ಟಿಗೆಗಳನ್ನು ಇಳಿಸಿಕೊಳ್ಳುತ್ತಿದ್ದರು. ಮೇಸ್ತ್ರಿಯನ್ನು ನೋಡಿ, ಒಳಗೆ ಹೋಗಿ ಪೆಟ್ಟಿಗೆ ಜೋಡಿಸು ಎಂದರು, ನಿನ್ನೆ ಸಂಜೆಯಷ್ಟೇ ಮನೆಗೆ ಹೋದವರಿಗೆ ಹೇಳುವ ಹಾಗೆ. ಮೇಸ್ತ್ರಿ ನನ್ನ ಕಡೆ ತಿರುಗಿ ನೋಡದೆ ಒಳಗೆ ಹೋದರು. ಹರಿಹರದ ಕೆಲಸ ಎಷ್ಟಕ್ಕೆ ಹಿಡಿದಿದ್ದೆ ಎಂದು ಯಜಮಾನರು ಕೇಳಿದರು. ಹೇಳಿದೆ. ನಿಮ್ಮ ರೇಟಿಗಿಂತ ಒಂದೇ ರೂಪಾಯಿ ಕಡಿಮೆ ಎಂದೂ ಸೇರಿಸಿದೆ.

ಅವರು ಫ್ಯಾನಿನ ಪೆಟ್ಟಿಗೆಯೊಂದರ ಮೇಲೆ ಕೈಯಿಟ್ಟುಕೊಂಡು ನಿಂತರು. "ನಾನು ವೈರಿಂಗ್‌ನಾಗೆ ದುಡಿಯಲ್ಲಪ್ಪ. ಅದ್ರಾಗೆ ಎಷ್ಟೋ ಸಲ ಕೈಯಿಂದ ಹೋಗ್ತೈತೆ. ವೈರಿಂಗ್ ಮಾಡಿದ ಮನೆಯವ್ರು ಫ್ಯಾನಿಗೆ ನನ್ನ ಹತ್ರಾನೇ ಬರ್ತಾರೆ, ಹೊಲದ ಮೋಟರಿಗೆ ನನ್ನ ಹತ್ರಾನೇ ಬರ್ತಾರೆ. ನಾನು ಬದುಕೋದು ಅದ್ರಾಗೆ. ನೀನು ಏನು ಮಾರ್ತೀಯ?"

ಏಳು ವರ್ಷ ಆ ಅಂಗಡಿಯಲ್ಲಿ ದುಡಿದಿದ್ದೆ. ಹದಿನೈದು ಎಂಬುದು ವೈರಿಂಗಿನ ನಿಜವಾದ ಬೆಲೆ ಎಂದೇ ತಿಳಿದಿದ್ದೆ. ಅದು ಗಿರಾಕಿಯನ್ನು ಅಂಗಡಿಗೆ ಕರೆತರುವ ಬೆಲೆಯಾಗಿತ್ತು. ನನ್ನ ಹತ್ತಿರ ಮಾರಲು ಫ್ಯಾನಿರಲಿಲ್ಲ, ಮೋಟರಿರಲಿಲ್ಲ. ಇದ್ದದ್ದು ನಮ್ಮಿಬ್ಬರ ಕೈಕೆಲಸ. ಅದಕ್ಕೆ ಒಂದು ಬೆಲೆ ಇದೆಯೆಂದು ನಾನು ಯಾವ ಲೆಕ್ಕದಲ್ಲೂ ಹಿಡಿದಿರಲಿಲ್ಲ. ಸಾಮಾನಿನ ದುಡ್ಡು ಕಳೆದು ಮಿಕ್ಕಿದ್ದು ಕೂಲಿ, ಕೂಲಿ ಕಳೆದು ಮಿಕ್ಕಿದ್ದು ನನ್ನದು ಎಂದು ಸುಮ್ಮನೆ ನಂಬಿಕೊಂಡಿದ್ದೆ. ಯಜಮಾನರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಕಾರಣ ಸಿಗಲಿಲ್ಲ.

ಮುಂದಿನ ವಾರ ದಾವಣಗೆರೆಯ ಹಳೇ ಪೇಟೆಯಲ್ಲಿ ಒಂದು ಹಿಟ್ಟಿನ ಗಿರಣಿಯವರು ಕರೆದರು. ದೀಪ, ಮೋಟರಿನ ಲೈನು, ಎರಡೂ ಆಗಬೇಕಿತ್ತು. ಪಾಯಿಂಟಿಗೆ ಎಷ್ಟು ಎಂದು ಅವರೂ ಕೇಳಿದರು. ನಾಳೆ ಹೇಳುತ್ತೇನೆ ಎಂದೆ. ಗೋಡೆ ಗೋಡೆಯನ್ನೂ ಬೆರಳಿನಿಂದ ತಟ್ಟಿದೆ, ಒಂದೆರಡು ಕಡೆ ಮೊಳೆ ಇಟ್ಟು ನೋಡಿದೆ, ಹಿಂದಿನ ನೆಲವನ್ನು ಹಾರೆಯಿಂದ ಕೆದಕಿದೆ, ಮೀಟರಿನಿಂದ ಮೋಟರಿನ ತನಕ ದಾರ ಹಿಡಿದು ಅಳೆದೆ. ಮನೆಗೆ ಬಂದು ಲೆಕ್ಕ ಹಾಕುವಾಗ ಮೊದಲು ಬರೆದದ್ದು ಇಬ್ಬರು ವೈರ್‌ಮನ್‌ಗಳ ಕೂಲಿ, ಎಷ್ಟು ದಿನ ಹಿಡಿಯುತ್ತದೋ ಅಷ್ಟು ದಿನದ್ದು. ಆಮೇಲೆ ಮೇನ್ ಸ್ವಿಚ್ಚು, ಅರ್ತ್. ಆಮೇಲೆ ವೈರು, ಪಟ್ಟಿ. ಎಲ್ಲಕ್ಕೂ ಮೇಲೆ ನನ್ನದು ಎಂದು ಒಂದು ಭಾಗ, ಮುಚ್ಚುಮರೆಯಿಲ್ಲದೆ. ಒಟ್ಟು ಮೊತ್ತ ನೋಡಿ ನನಗೇ ಹೆದರಿಕೆಯಾಯಿತು. ಇಷ್ಟು ಹೇಳಿದರೆ ಮೆಟ್ಟಿಲು ಹತ್ತಿಸುವುದಿಲ್ಲ ಎಂದುಕೊಂಡು ಹೋದೆ.

ಗಿರಣಿಯವರು ಕೇಳಿದರು, ಒಂದೆರಡು ಪ್ರಶ್ನೆ ಹಾಕಿದರು, ಯಾವತ್ತಿಂದ ಶುರು ಮಾಡ್ತೀಯ ಎಂದರು. ಅಷ್ಟೇ. ಚೌಕಾಶಿಗೆ ಎಂದು ನಾನು ಕಟ್ಟಿಕೊಂಡು ಹೋಗಿದ್ದ ಮಾತೆಲ್ಲ ಬಾಯಲ್ಲೇ ಉಳಿಯಿತು.

ಅಲ್ಲಿಂದ ಸೈಕಲ್ ಹತ್ತಿ ನೇರವಾಗಿ ಮೇಸ್ತ್ರಿಯ ಮನೆಗೆ ಹೋದೆ. ಅವರು ಕೆಲಸದಿಂದ ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ಅಂಗೈಯ ಗಾಯ ಇನ್ನೂ ಮಾಯ್ದಿರಲಿಲ್ಲ. ಗಿರಣಿಯ ಕೆಲಸದ ವಿಷಯ ಹೇಳಿದೆ. "ಬರ್ರಿ ಅಣ್ಣಾ. ಈ ಸಲ ನಿಮ್ಮ ಕೂಲಿ ಮೊದ್ಲು ಹಿಡಿದೇ ರೇಟು ಹಾಕೀನಿ. ಒಪ್ಪಿದಾರೆ."

ಅವರ ಮುಖ ಅರಳಿತು, ಸಂತೋಷ ನಿಜವಾಗಿಯೂ ಆಗಿತ್ತು. ಒಳಗೆ ಕೂಗಿ ನನಗೆ ಚಾ ಹೇಳಿದರು. ಆಮೇಲೆ ತಲೆಯಾಡಿಸಿದರು.

"ಯಜಮಾನ್ರು ಯಾಕ ಹೋಗಿದ್ದೆ ಅಂತ ಒಂದು ಮಾತು ಕೇಳದಂಗೆ ಒಳಗೆ ಕರ್ಕೊಂಡ್ರು. ಇನ್ನ ಬಿಟ್ಟು ಹೋಗಲ್ಲ ಅಂತ ಅವ್ರಿಗೆ ಮಾತು ಕೊಟ್ಟೀನಿ ತಮ್ಮಾ. ನೀನು ಸಾಹುಕಾರ್ರಿಗೆ ಕೊಟ್ಟ ಮಾತಿಗೆ ನಾನು ಹಾಕಿದ ಅರ್ತ್ ಕೀಳಿಸಿದೆಯಲ್ಲ, ನನ್ನ ಮಾತು ನಾನು ಹೆಂಗೆ ಬಿಡ್ಲಿ?"

ಚಾ ಬಂತು, ಕುಡಿದೆವು. ಗಿರಣಿಯ ಮೋಟರು ಎಷ್ಟು ದೊಡ್ಡದೆಂದು ಕೇಳಿ, ಎಷ್ಟು ದಪ್ಪದ ವೈರು ಹಾಕಬೇಕೆಂದು ಅವರೇ ಹೇಳಿದರು. ಬೀದಿಯ ತಿರುವಿನ ತನಕ ಸೈಕಲ್ಲಿನ ಜೊತೆ ನಡೆದು ಬಂದರು.

ಗಿರಣಿಯ ಗೋಡೆಯಲ್ಲಿ ಮೊದಲ ತೂತನ್ನು ನಾನೇ ಕೊರೆದೆ. ಏಣಿ ಹಿಡಿಯಲು ಕೂಲಿಯವನೊಬ್ಬನಿದ್ದ. ಪಟ್ಟಿ ಇಟ್ಟು, ಸರಿಯಾಗಿ ಕೂತಿದೆಯಾ ಎಂದು ಕೆಳಗೆ ನೋಡಿ ಕೇಳಿದೆ. ಅವನು ಎಲ್ಲದಕ್ಕೂ ಹೂಂ ಎನ್ನುತ್ತಿದ್ದ. ಇಳಿದು ದೂರ ನಿಂತು ನಾನೇ ನೋಡಿಕೊಂಡು, ಮತ್ತೆ ಏಣಿ ಹತ್ತಿದೆ.